ಬೆಲ್ಜಿಯಂ ದಿಂಬಿನ ಮೇಲೆ ನನ್ನ ಕೈ

“ಜುಬೇದಾ ಪಾಕಿಸ್ತಾನಕ್ಕ ಹೋದಳಂತ್ರಿ, ಸಿಸ್ಟರ್” — ಇದು ನಾನು ಹೇಳಿದ ಸುಳ್ಳು. ಯಾರೂ ನನ್ನಿಂದ ಹೇಳಿಸಲಿಲ್ಲ. ಯಾರಿಗೂ ಹೆದರಿ ಹೇಳಲಿಲ್ಲ. ಹುಮನಾಬಾದಿನ ಮಿಷನ್ ಮನೆಯ ಹೊಲಿಗೆ ಕೋಣೆಯಲ್ಲಿ, ಕಿಟಕಿಯ ಬಿಸಿಲು ಮೊಣಕಾಲ ಮೇಲೆ ಬಿದ್ದಿತ್ತು. ಸೆರಗು ಸರಿಮಾಡಿಕೊಂಡು ಹೇಳಿದೆ. ನೀನು ಆಗ ಅಲ್ಲೇ ಪಕ್ಕದ ಹುಡಗಿ ಎಂಬ ಊರಿನಲ್ಲಿದ್ದೆ, ಜುಬೇದಾ. ಆ ಕಿಟಕಿಯಿಂದ ಹುಡಗಿಯ ದಾರಿ ಕಾಣುತ್ತಿತ್ತು.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಬೇಸರಿಸಬೇಡ. ಓದುವವರಿಗೆ ನಾವು ಯಾರೆಂದು ತಿಳಿಯಬೇಕು.

ನಾವಿಬ್ಬರೂ ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಒಂದೇ ಸಾಲಿನ ಮಂಚಗಳಲ್ಲಿ ಮಲಗಿ ಬೆಳೆದವರು. ನಾನು ಹುಮನಾಬಾದಿನ ಬೇಳೆ ವ್ಯಾಪಾರಿಯ ಮಗಳು, ನೀನು ರೈಲ್ವೆ ನೌಕರರ ಮಗಳು. ಗೋದಾ ಸಿಸ್ಟರ್ ನಮಗೆ ಹೊಲಿಗೆ ಕಲಿಸಿದವರು. ಅವರ ನಿಜವಾದ ಹೆಸರು ಗೊಡೆಲೀವ್. ಅಡುಗೆಯವರ ಬಾಯಲ್ಲಿ ಅದು ಗೋದಾ ಆಗಿ, ಕೊನೆಗೆ ಅವರೇ ಹಾಗೆ ಕರೆದರೆ ಓಗೊಡುತ್ತಿದ್ದರು. ಬೆಲ್ಜಿಯಂ ದೇಶದವರು. ಮದುವೆಯಾಗಿ ನಾವಿಬ್ಬರೂ ಕಲ್ಯಾಣಿಗೇ ಬಂದೆವು — ಈಗಿನ ಬಸವಕಲ್ಯಾಣ, ಆಗ ನಾವು ಕಲ್ಯಾಣಿ ಅನ್ನುತ್ತಿದ್ದೆವು. ನಾನು ಬಟ್ಟೆ ಅಂಗಡಿಯ ಮನೆಗೆ ಸೊಸೆಯಾಗಿ, ನೀನು ಕೋಟೆಯ ಕಡೆಯ ಓಣಿಗೆ, ತಹಸೀಲ್ ಕಚೇರಿಯ ಮೋಹಿಯುದ್ದೀನ್ ಭಾಯಿಯ ಹೆಂಡತಿಯಾಗಿ. ಅಷ್ಟರಲ್ಲಿ ಸಿಸ್ಟರ್‌ಗೂ ಹುಮನಾಬಾದಿನ ಮಿಷನ್ ಮನೆಗೆ ವರ್ಗವಾಯಿತು. ನಾನು ತವರಿಗೆ ಹೋಗುವಾಗೆಲ್ಲ ನೀನೂ ಜೊತೆಗೆ ಬರುತ್ತಿದ್ದೆ. ಜನ ನಮ್ಮನ್ನು ಅಕ್ಕತಂಗಿಯರ ಹಾಗೆ ಎನ್ನುತ್ತಿದ್ದರು. ನಾನೂ ಹೌದೆನ್ನುತ್ತಿದ್ದೆ.

ಆದರೆ ಸಿಸ್ಟರ್ ನಿನ್ನನ್ನು ತಮ್ಮ ಭಾಷೆಯ ಯಾವುದೋ ಮುದ್ದಿನ ಮಾತಿನಿಂದ ಕರೆಯುತ್ತಿದ್ದರು. ನನ್ನನ್ನು ಶಾಂತಾ ಎಂದು, ಹೆಸರಿನಿಂದ. ಇಷ್ಟು ಸಣ್ಣ ಸಂಗತಿ. ನಗು ಬರುತ್ತದಲ್ಲ? ನನಗೆ ಈ ವಯಸ್ಸಿನಲ್ಲೂ ನಗು ಬಂದಿಲ್ಲ.

ನಲವತ್ತೇಳರಲ್ಲಿ ಆ ಗಂಟು ಬಂದ ದಿನ ನಿನಗೆ ನೆನಪಿರಲೇಬೇಕು. ಸಮುದ್ರ ದಾಟಿ ಬಂದ ಇನ್ನೊಬ್ಬ ಸಿಸ್ಟರ್ ತಂದುಕೊಟ್ಟ ಗಂಟು. ನೀಲಿ ಬಟ್ಟೆ ಬಿಚ್ಚಿದರೆ ಒಳಗೆ ಒಂದು ಗಟ್ಟಿ ದುಂಡು ದಿಂಬು. ಅದರ ಮೇಲೆ ತೂತು ಹೊಡೆದ ರಟ್ಟು, ತೂತುಗಳಲ್ಲಿ ಗುಂಡುಸೂಜಿ, ಸೂಜಿಗಳ ಸುತ್ತ ಅರ್ಧಕ್ಕೆ ನಿಂತ ಲೇಸು. ಲೇಸಿನ ಪ್ರತಿ ಎಳೆಯ ತುದಿಗೂ ಒಂದು ಸಣ್ಣ ಮರದ ಕಡ್ಡಿ. ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಒಂದರ ಮೇಲೊಂದು ದಾಟಿಸಿ, ತಿರುವಿ, ಸೂಜಿ ಚುಚ್ಚಿ — ನಮ್ಮಿಬ್ಬರಿಗೂ ಸಿಸ್ಟರ್ ಕಲಿಸಿದ್ದು ಆ ಕಲೆಯನ್ನೇ. ಅದು ಅವರ ತಾಯಿಯ ದಿಂಬು. ತಾಯಿ ಯುದ್ಧದ ನಡುವೆ ತೀರಿಕೊಂಡಿದ್ದರು. ಸುದ್ದಿ ಬಂದದ್ದು ಯುದ್ಧ ಮುಗಿದ ಮೇಲೆ.

ಸಿಸ್ಟರ್ ಅಂದು ತಮ್ಮ ಊರಿನ ಕತೆ ಹೇಳಿದರು. ಅವರು ಹುಡುಗಿಯಾಗಿದ್ದಾಗ ಒಮ್ಮೆ ಜರ್ಮನ್ ಸೈನ್ಯ ಅವರ ದೇಶಕ್ಕೆ ನುಗ್ಗಿತ್ತು. ಇವರ ಮನೆಯ ಪಡಸಾಲೆಯಲ್ಲಿ ಒಬ್ಬ ಅಧಿಕಾರಿ ಬೂಟು ಹಾಕಿಕೊಂಡೇ ಮಂಚದ ಮೇಲೆ ಒರಗುತ್ತಿದ್ದ. ಮನೆಮನೆಯ ತಾಮ್ರದ ಪಾತ್ರೆ ಒಯ್ದರು, ಹಾಸಿಗೆಯ ಉಣ್ಣೆ ಒಯ್ದರು, ಗಂಡಸರನ್ನು ದುಡಿಸಲು ಗುಂಪುಗಟ್ಟಿ ಒಯ್ದರು. ಊರಿನ ಗಡಿಯಾರದ ಮುಳ್ಳನ್ನೂ ತಮ್ಮ ದೇಶದ ಹೊತ್ತಿಗೆ ತಿರುಗಿಸಿದರು. ತಾಯಿ ಮಾತ್ರ ಅಡುಗೆಮನೆಯ ಗಡಿಯಾರವನ್ನು ಹಳೆಯ ಹೊತ್ತಿನಲ್ಲೇ ಇಟ್ಟಿದ್ದಳಂತೆ. ಇಪ್ಪತ್ತು ಚಿಲ್ಲರೆ ವರ್ಷಗಳ ನಂತರ ಅದೇ ಸೈನ್ಯ ಮತ್ತೆ ಬಂತು. ಆಗ ಮಗಳು ಇಲ್ಲಿದ್ದಳು, ನಮಗೆ ಬಟ್ಟೆಯ ಅಂಚು ಮಡಿಸಿ ಹೊಲಿಯುವುದನ್ನು ಕಲಿಸುತ್ತ. ತಾಯಿ ಒಬ್ಬಳೇ. ಮನೆ ಸೈನಿಕರಿಗೆ ಬಿಟ್ಟುಕೊಡಬೇಕಾಗಿ ಬಂದಾಗ ದಿಂಬನ್ನು ನೀಲಿ ಬಟ್ಟೆಯಲ್ಲಿ ಸುತ್ತಿ ಪಕ್ಕದ ಮನೆಯವಳ ಕೈಗೆ ಕೊಟ್ಟಳು.

“ಆ ನೆರೆಮನೆಯಾಕೆಗೂ ಅಮ್ಮನಿಗೂ ಮಾತಿರಲಿಲ್ಲ” ಎಂದರು ಸಿಸ್ಟರ್, ತಮ್ಮ ಅಚ್ಚುಕಟ್ಟಾದ ಕಲಿತ ಕನ್ನಡದಲ್ಲಿ. “ಬಾವಿ ಕಟ್ಟೆಯ ಜಗಳ. ಇಬ್ಬರೂ ಹಟಮಾರಿಗಳು. ಆದರೂ ಅಮ್ಮ ಅವಳಿಗೇ ಕೊಟ್ಟಳು. ಅವಳೂ ಲೇಸು ಬಲ್ಲವಳು, ಅಮ್ಮನನ್ನು ಕಂಡರೆ ಹೊಟ್ಟೆಕಿಚ್ಚು. ಯುದ್ಧ ಮುಗಿಯುವ ತನಕ ಮಂಚದ ಕೆಳಗೆ ಇಟ್ಟುಕೊಂಡಿದ್ದಳು. ಒಂದು ಕಡ್ಡಿಯನ್ನೂ ಸರಿಸಿಲ್ಲ, ನೋಡಿ.”

ನಾನು ನೋಡಿದೆ. ಸೂಜಿಗಳಿಗೆ ತುಕ್ಕು ಹಿಡಿದಿತ್ತು. ಕಡ್ಡಿಗಳು ಸಾಲಾಗಿ, ಯಾರೋ ಈಗಷ್ಟೇ ಎದ್ದು ನೀರು ಕುಡಿಯಲು ಹೋದ ಹಾಗೆ.

ತಮ್ಮ ಬೆರಳುಗಳು ಮಿಷನ್ ದವಾಖಾನೆಯಲ್ಲಿ ಔಷಧಿ ಮುಟ್ಟಿ ಮುಟ್ಟಿ ಒರಟಾಗಿವೆ, ಎಳೆ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಅಮ್ಮನ ಲೇಸನ್ನು ನಿಮ್ಮಲ್ಲಿ ಒಬ್ಬರು ಮುಗಿಸಬೇಕು ಎಂದರು. ಆ ಕ್ಷಣದಲ್ಲೇ ನಾನು — ಹೇಳಲು ನಾಚಿಕೆ — ನಮ್ಮ ಮನೆಯ ಬೆಳಕಿಂಡಿಯ ಕೆಳಗೆ ದಿಂಬಿಗೆ ಜಾಗ ಮಾಡಿಬಿಟ್ಟಿದ್ದೆ, ಮನಸ್ಸಿನಲ್ಲೇ ಅಲ್ಲಿದ್ದ ಹಿಟ್ಟಿನ ಡಬ್ಬಿ ಸರಿಸಿ. ಸಿಸ್ಟರ್ ದಿಂಬನ್ನೆತ್ತಿ ನಿನ್ನ ಮಡಿಲಲ್ಲಿ ಇಟ್ಟರು. ನಿನ್ನ ತಲೆಯ ಮೇಲೆ ಕೈಯಿಟ್ಟರು. ನೀನು ಎಳೆಯನ್ನು ಹಲ್ಲಿನಿಂದ ಕಡಿಯುವವಳು! ನಾನು ಕತ್ತರಿ ಬಿಟ್ಟು ಬೇರೆ ಬಳಸಿದವಳಲ್ಲ. ನನ್ನ ಹೊಲಿಗೆಗೇ ಬಹುಮಾನ ಬರುತ್ತಿತ್ತು. ಆದರೂ...

ವಾಪಸ್ ಬರುವಾಗ ಬಸ್ಸಿನಲ್ಲಿ ನೀನು ಅಂದೆ: “ನಿನಗ ಕೊಡ್ತಾರಂತ ನಾ ಅನ್ಕೊಂಡಿದ್ದೆ, ಶಾಂತಾ. ನಿನ್ನ ಕೈ ಛಂದ ಅದ.”

“ಹೋಗ್ಲಿ ಬಿಡವಾ, ನನಗೆಲ್ಲಿ ಪುರಸೊತ್ತದ” ಎಂದೆ.

ನೀನು ಮೂರು ತಿಂಗಳು ನೇಯ್ದು, ಇನ್ನೂ ಮುಗಿಯದ ಲೇಸನ್ನು ಸಿಸ್ಟರ್‌ಗೆ ತೋರಿಸಿದಾಗ ಅವರು ದಿಂಬನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಾಯಿ ಎಲ್ಲಿ ಬಿಟ್ಟಳು, ನೀನು ಎಲ್ಲಿ ಹಿಡಿದೆ ಎಂದು ಬೆರಳಿನಿಂದ ಹುಡುಕಿದರು. ಸಿಗಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು. ಲೇಸು ನೇಯುವವರಿಗೆ ಗೊತ್ತು — ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿದರೆ ಕೈ ಬದಲಾದ ಗೆರೆ ಕಾಣಿಸಿಯೇ ಕಾಣಿಸುತ್ತದೆ; ಎಳೆ ಎಳೆಯುವ ಬಿಗಿ ಒಬ್ಬೊಬ್ಬರದು ಒಂದೊಂದು. ನಿನ್ನದು ಕಾಣಿಸಲಿಲ್ಲ. ನಾನು ಮೂಲೆಯಲ್ಲಿ ನೂಲಿನ ಉಂಡೆ ಸುತ್ತುತ್ತ ಕೂತಿದ್ದೆ. ಉಂಡೆ ಎಷ್ಟು ಬಿಗಿಯಾಯಿತೆಂದರೆ ಆಮೇಲೆ ಅದರಿಂದ ಎಳೆ ಬಿಡಿಸಲಾಗಲಿಲ್ಲ.

ನಲವತ್ತೆಂಟು ಬಂತು. ನಮ್ಮ ಸೀಮೆ ಇನ್ನೂ ಇಂಡಿಯಾಕ್ಕೆ ಸೇರಿರಲಿಲ್ಲ. ಕೋವಿ ಹಿಡಿದ ತಂಡಗಳು ಊರೂರು ತಿರುಗಿ ಹಿಂದೂಗಳ ಮನೆಗಳನ್ನು ಹೆದರಿಸುತ್ತಿದ್ದ ದಿನಗಳು. ನಮ್ಮ ಅಂಗಡಿಯ ಬಾಗಿಲು ಬಡಿದ ಸಂಜೆ ಮೋಹಿಯುದ್ದೀನ್ ಭಾಯಿ ಬರಿಗಾಲಲ್ಲಿ ಓಡಿಬಂದು ನಮ್ಮ ಹೊಸ್ತಿಲಿಗೆ ಅಡ್ಡ ನಿಂತಿದ್ದರು. “ಇದು ನಮ್ಮದೇ ಮನಿ ಅದ. ಒಳಗ ನಮ್ಮ ಹೆಣ್ಮಕ್ಕಳು ಇದ್ದಾರ” ಎಂದರು. ಕೋವಿಯವರು ತಿರುಗಿ ಹೋದರು. ನಮ್ಮ ಅತ್ತೆ, ಯಾರ ಎದುರೂ ಸೋಲದವರು, ಅಂದು ಭಾಯಿಗೆ ನೀರು ಕೊಟ್ಟು, “ನಿಮ್ಮ ಹೊಟ್ಟಿ ತಣ್ಣಗಿರಲಿ, ಸಾಹೇಬ್ರ” ಎಂದರು.

ಗಣಪತಿ ಹಬ್ಬ ಮುಗಿದ ಮೇಲೆ ಇಂಡಿಯಾದ ಮಿಲಿಟ್ರಿ ಬಂತು. ನಾನಾಗ ತವರಿನಲ್ಲಿದ್ದೆ. ಹುಮನಾಬಾದಿನ ದಾರಿಯಲ್ಲಿ ಟ್ಯಾಂಕುಗಳು ಸಾಲಾಗಿ ಬಂದವು, ನೆಲ ನಡುಗಿ ನಮ್ಮ ಗೋಡೆಯ ಮಾಡದಲ್ಲಿದ್ದ ತಾಟು ತಾನೇ ಜಾರಿ ಬಿತ್ತು. ನಮ್ಮಪ್ಪ ಹಾರ ಹಿಡಿದು ಓಡಿದರು. ನಮಗೆ ಅದು ಹಬ್ಬ, ಸುಳ್ಳೇಕೆ ಹೇಳಲಿ. ಸಿಸ್ಟರ್ ಮಾತ್ರ ಮಿಷನ್ ಮನೆಯ ಕದ ಹಾಕಿಕೊಂಡು, ಕಿವಿಗೆ ಕೈ ಒತ್ತಿಕೊಂಡು ಕೂತಿದ್ದರು. “ಇವರು ಒಳ್ಳೆಯದಕ್ಕೆ ಬಂದಿರಬಹುದು, ಶಾಂತಾ” ಎಂದರು. “ಆದರೆ ಸಪ್ಪಳ ಅದೇ.” ಸ್ವಲ್ಪ ಹೊತ್ತಿನ ಮೇಲೆ ಕೇಳಿದರು — “ಜುಬೇದಾಳ ಮನೆಯ ಹತ್ತಿರ ಯಾರಿದ್ದಾರೆ?” ನನ್ನನ್ನು ಕೇಳಲಿಲ್ಲ ನಿಮ್ಮ ಮನೆಯ ಹತ್ತಿರ ಯಾರಿದ್ದಾರೆ ಎಂದು. ಅಂಥ ಹೊತ್ತಿನಲ್ಲೂ ನನಗೆ ಅದು ಚುಚ್ಚಿತು.

ಮಿಲಿಟ್ರಿ ಮುಂದೆ ಹೋದ ಮೇಲೆ ಸೇಡಿನ ಸರದಿ. ಆಗ ಹೆದರುವವರು ನೀವು. ಆ ದಿನಗಳ ಬಗ್ಗೆ ನಮ್ಮ ಮನೆಗಳಲ್ಲಿ ಯಾರೂ ಮಾತಾಡುವುದಿಲ್ಲ, ನಾನೂ ಮಾತಾಡಿದವಳಲ್ಲ. ಕಚೇರಿಗೆಂದು ಹೋದ ಮೋಹಿಯುದ್ದೀನ್ ಭಾಯಿ ತಿರುಗಿ ಬರಲಿಲ್ಲ. ನೀನು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದೆ. ನಾನಾಗ ಕಲ್ಯಾಣಿಗೆ ಮರಳಿದ್ದೆ. ನೀನು ಬುರ್ಖಾದೊಳಗಿಂದ ನೀಲಿ ಗಂಟು ತೆಗೆದೆ.

“ಹುಡಗಿ ಊರಿಗೆ, ಚಾಚಾನ ಮನಿಗೆ ಹೋಗಾಕತ್ತೀನಿ. ಇದನ್ನ ಇಟ್ಕೊ, ಶಾಂತಾ. ಕಡ್ಡಿ ಕಲಸಬ್ಯಾಡ, ಅಷ್ಟ.”

ನಮ್ಮ ಮಾವನವರು ಕಮಾನು ಬಂಡಿ ಕಟ್ಟಿಸಿ, ನಂಬಿಕಸ್ಥ ಆಳನ್ನು ಜೊತೆಗೆ ಕೊಟ್ಟು ಕಳಿಸಿದರು. ಅದಕ್ಕಾಗಿ ಓಣಿಯ ಮಂದಿ ನಮ್ಮ ಮನೆಯನ್ನು ಈಗಲೂ ಹೊಗಳುತ್ತಾರೆ. ಹೊಗಳಿಕೆಯಲ್ಲಿ ನನಗೂ ಪಾಲು ಬಂದಿದೆ. ಬಂಡಿ ತಿರುವಿನಲ್ಲಿ ಮರೆಯಾದಾಗ ನಾನು ಅತ್ತುಬಿಟ್ಟೆ — ಅದು ನಿಜದ ಅಳು. ಆದರೆ ಅಳುತ್ತಲೇ ಇದ್ದ ನನ್ನೊಳಗೆ ಎಲ್ಲೋ ಒಂದು ಮೂಲೆ ತಣ್ಣಗಾಯಿತು: ಇನ್ನು ಮಿಷನ್ ಮನೆಗೆ ನಾನೊಬ್ಬಳೇ ಹೋಗುತ್ತೇನೆ. ಇದನ್ನೂ ಬರೆದಿದ್ದೇನೆ. ಹೊಡೆದು ಹಾಕುವುದಿಲ್ಲ.

ದಿಂಬನ್ನು ಧಾನ್ಯದ ಕೋಣೆಯಲ್ಲಿ ಇಟ್ಟೆ. ಧೂಳು ಕೂತೀತು ಎಂದು ಒಂದು ದಿನ ನೀಲಿ ಬಟ್ಟೆ ಬಿಚ್ಚಿದೆ. ನೋಡಿ ಮುಚ್ಚಿದೆ. ಇನ್ನೊಂದು ದಿನ ಒಂದು ಜೋಡಿ ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡಿದೆ — ನುಣುಪಾಗಿ, ನಿನ್ನ ಬೆರಳು ಕೂರುವ ಕಡೆ ತಗ್ಗು ಬಿದ್ದು. ನಿನಗಿಂತ ಮೊದಲು ಆ ತಾಯಿಯ ಬೆರಳಿಗೆ ಬಿದ್ದ ತಗ್ಗು. ನನ್ನ ಬೆರಳು ಅದರಲ್ಲಿ ಕೂರಲಿಲ್ಲ. ಕೂರಲಿಲ್ಲವೆಂಬ ಸಿಟ್ಟಿಗೇ ಇರಬೇಕು, ದಾಟಿಸಿದೆ. ತಿರುವಿದೆ. ಸೂಜಿ ಚುಚ್ಚಿದೆ. ಆ ಚಳಿಗಾಲವೆಲ್ಲ ಮಧ್ಯಾಹ್ನದ ಹೊತ್ತು ನೇಯ್ದೆ.

“ಒಲಿ ಮ್ಯಾಲ ಬ್ಯಾಳಿ ಹೊತ್ತಾಕತ್ತದ, ಈಕಿ ಕೋಲಾಟ ಆಡಾಕತ್ತಾಳ” ಎಂದು ಅತ್ತೆ ನೆರೆಯವರಿಗೆ ಕೇಳುವ ಹಾಗೆ ಹೇಳುತ್ತಿದ್ದರು. “ಯಾರ ಮನೀ ಗಂಟದು? ಅವರು ಬಂದು ಕೇಳಿದ್ರ ಏನ್ ಹೇಳ್ತಿ?”

“ಆಕೀನೇ ಮಾಡು ಅಂದಾಳ್ರಿ, ಅತ್ಯಾ” ಎಂದೆ. ಮೊದಲ ಸುಳ್ಳು ಅದು. ತುಂಬಾ ಸಲೀಸಾಗಿ ಬಂತು.

ಅಷ್ಟರಲ್ಲಿ ನೀನು ಬಳೆಗಾರ್ತಿಯ ಕೈಯಲ್ಲಿ ಹೇಳಿ ಕಳಿಸಿದ್ದೆ. ಅವಳು ನನ್ನ ಮಣಿಕಟ್ಟು ಒತ್ತಿ ಬಳೆ ಏರಿಸುತ್ತ ಹೇಳಿದಳು: “ಹುಡಗಿ ಊರಿನ ಜುಬೇದಾಬಿ ಹೇಳ್ಯಾಳವಾ — ಗೋದಾ ಸಿಸ್ಟರಿಗೆ ನಾ ಇಲ್ಲಿದ್ದೀನಂತ ತಿಳಿಸು, ಏನರ ಕೆಲಸ ಇದ್ರ ಮಾಡ್ತೀನಿ ಅಂತ. ಹುಮನಾಬಾದ ದಾರಿ ಹಿಡೀಲಾಕ ಆಕಿಗಿನ್ನೂ ಅಂಜಿಕಿ. ಪಾಪ, ಊರೊಳಗ ಅವರಿವರ ಮನೀ ಶೇಂಗಾ ಸುಲೀಲಾಕ ಹೋಗ್ತಾಳ.” ನಾನು ಆಗಲಿ ಎಂದೆ. ತಿಳಿಸುತ್ತೇನೆ ಎಂದೇ ಅಂದುಕೊಂಡಿದ್ದೆ. ನಿಜವಾಗಿ. ಹಾಗೆ ಅಂದುಕೊಂಡೇ ದಿಂಬನ್ನು ಕಟ್ಟಿಕೊಂಡು ಹುಮನಾಬಾದಿಗೆ ಹೋದೆ. ಸಿಸ್ಟರ್‌ಗೆ ತೋರಿಸಿ, ಅವರ ಕಣ್ಣಲ್ಲಿ ಒಮ್ಮೆ ನೀರು ಕಂಡು, ಆಮೇಲೆ ನಿನ್ನ ಸುದ್ದಿ ಹೇಳುವುದೆಂದು.

ಸಿಸ್ಟರ್ ನಾನು ಕೂರುವ ಮೊದಲೇ ಮಾತು ತೆಗೆದರು. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರಿಗಾಗಿ ಲೇಸಿನ ಕೋಣೆ ತೆರೆಯುತ್ತಾರಂತೆ, ಯಾವ ಜಾತಿಯಾದರೂ ಸರಿ. ಕಲಿಸಲು ಒಬ್ಬಳು ಬೇಕು. ಇರಲು ಎರಡು ಕೋಣೆ. ಮಕ್ಕಳಿಗೆ ಅದೇ ಶಾಲೆಯಲ್ಲಿ ಓದು.

“ಜುಬೇದಾ ಎಲ್ಲಿದ್ದಾಳೆ, ಶಾಂತಾ? ಕಲ್ಯಾಣಿಯ ಮನೆಗೆ ಬೀಗವಂತೆ. ನಿನಗೆ ಗೊತ್ತಿರುತ್ತದೆ ಎಂದು ಎದುರು ನೋಡುತ್ತಿದ್ದೆ.”

ಅವರು ಎದುರು ನೋಡುತ್ತಿದ್ದದ್ದು ನನ್ನನ್ನಲ್ಲ. ನನ್ನ ಬಾಯಲ್ಲಿದ್ದ ನಿನ್ನ ವಿಳಾಸವನ್ನು.

ಆ ಕೆಲಸ ನನಗೆ ಸಿಗುವಂಥದ್ದಲ್ಲ. ಗಂಡ, ಅತ್ತೆ, ಮಾವ, ಅಂಗಡಿ ಬಿಟ್ಟು ನಾನು ಎಲ್ಲಿಗೆ ಹೋಗಲಿ? ನಿನಗೆ ತಪ್ಪಿದರೆ ನನಗೆ ಬರುವುದು ಏನೂ ಇರಲಿಲ್ಲ. ಇದನ್ನು ಎಷ್ಟೋ ಸಲ ಲೆಕ್ಕ ಹಾಕಿ ನೋಡಿದ್ದೇನೆ, ಲಾಭದ ಆಸೆಯಿಂದಲಾದರೂ ಮಾಡಿದ್ದೆ ಎಂದು ಹೇಳಿಕೊಳ್ಳಲು. ಆಗುವುದಿಲ್ಲ. ಮತ್ತೆ ನಾವೆಲ್ಲ ಕಲಿತ ಆ ಉದ್ದ ಕೋಣೆಯಲ್ಲಿ ನೀನು ಸಿಸ್ಟರ್ ಕುರ್ಚಿಯಲ್ಲಿ ಕೂರುತ್ತೀ — ಅಷ್ಟೇ ನನಗೆ ಕಂಡದ್ದು.

“ಜುಬೇದಾ ಪಾಕಿಸ್ತಾನಕ್ಕ ಹೋದಳಂತ್ರಿ, ಸಿಸ್ಟರ್.”

ಅವರು ಕೊರಳ ಶಿಲುಬೆಯನ್ನು ಹಿಡಿದುಕೊಂಡರು. ಆಮೇಲೆ ನಾನು ದಿಂಬು ಬಿಚ್ಚಿದೆ. ಮುಂದುವರಿಸು ಎಂದು ಅವಳೇ ಕೊಟ್ಟು ಹೋದಳು ಎಂದೆ. ಸಿಸ್ಟರ್ ಲೇಸಿನ ಮೇಲೆ ತೋರುಬೆರಳು ಇಟ್ಟು ನಿಧಾನವಾಗಿ ಎಳೆದರು — ತಾಯಿಯ ನೇಯ್ಗೆಯ ಮೇಲೆ, ನಿನ್ನ ನೇಯ್ಗೆಯ ಮೇಲೆ, ಎಲ್ಲೂ ತಡೆಯದೆ. ಒಂದು ಕಡೆ ಬೆರಳು ನಿಂತಿತು.

“ಇಲ್ಲಿ ಹೋದಳು” ಎಂದರು.

ನನ್ನ ನೇಯ್ಗೆ ಚೆನ್ನಾಗಿತ್ತು, ಜುಬೇದಾ. ನಿನ್ನದಕ್ಕಿಂತ ಒತ್ತಾಗಿ, ತಪ್ಪಿಲ್ಲದೆ ಇತ್ತು. ಸಿಸ್ಟರ್ ಅದನ್ನು ಮುಂದೆ ನೋಡಲೇ ಇಲ್ಲ. ದಿಂಬನ್ನು ನೀಲಿ ಬಟ್ಟೆಯಲ್ಲಿ ತಾವೇ ಸುತ್ತಿ, “ಅವಳು ಎಂದಾದರೂ ಬಂದರೆ ಕೊಡು” ಎಂದು ನನಗೇ ಹಿಂತಿರುಗಿಸಿದರು. ಆ ನೆರೆಮನೆಯಾಕೆಯ ನೆನಪು ಅವರಿಗೆ ಬಂತೋ ಇಲ್ಲವೋ. ನನಗೆ ಬಂತು. ಹೊಸ್ತಿಲು ದಾಟುವಾಗ ಹೇಳಿಬಿಡಬಹುದಿತ್ತು. ದಾರಿಯಲ್ಲಿ ತಿರುಗಿ ಹೋಗಬಹುದಿತ್ತು. ಮುಂದಿನ ವಾರ ಹೋಗಬಹುದಿತ್ತು — ಹೋಗಲಿಲ್ಲ. ಬೇಸಿಗೆಯ ಹೊತ್ತಿಗೆ ಸಿಸ್ಟರ್ ಅವರನ್ನು ದೂರದ ಮದ್ರಾಸ್ ಕಡೆಗೆ ಕಳಿಸಿದರು. ಅಲ್ಲಿಂದ ಅವರ ದೇಶಕ್ಕೆ ಹೋದರೆಂದು ಆಮೇಲೆ ಕೇಳಿದೆ.

ಐವತ್ತರಲ್ಲಿ ನೀನು ಕಲ್ಯಾಣಿಯ ಮನೆ ಖಾಲಿ ಮಾಡಲು ಬಂದೆ. ನಮ್ಮಲ್ಲಿ ಊಟ ಮಾಡಿದೆ. ಅತ್ತೆ ನಿನ್ನ ತಟ್ಟೆಗೆ ತುಪ್ಪ ಹಾಕಿ, “ಎಷ್ಟು ಸೊರಗೀಯವಾ” ಎಂದರು. ನಾನು ದಿಂಬು ತಂದು ಮುಂದಿಟ್ಟೆ. ನೀನು ಒಂದೇ ನೋಟಕ್ಕೆ ಕಂಡುಕೊಂಡೆ, ನಕ್ಕೆ.

“ನನ್ನ ಸಲುವಾಗಿ ಮುಂದ ನೇದೀಯೇನು? ಎಷ್ಟು ಜೀವ ನಿನಗ.” ಕಡ್ಡಿಯೊಂದನ್ನು ಎತ್ತಲು ಹೋಗಿ ಬಿಟ್ಟೆ. ಶೇಂಗಾ ಸುಲಿದು ನಿನ್ನ ಹೆಬ್ಬೆರಳ ತುದಿ ಬಿರುಕು ಬಿಟ್ಟಿತ್ತು. “ಎಳಿ ಸಿಗಬೀಳ್ತದ ನೋಡು. ನೀನೇ ಇಟ್ಕೊ.”

ಎದ್ದು ಹೊರಡುವಾಗ ನೀನು ಕೇಳಿದೆ, ಬುರ್ಖಾ ಮುಖದ ಮೇಲೆ ಇಳಿಬಿಡುತ್ತ: “ಸಿಸ್ಟರ್ ಹೋಗೋ ಮುಂಚೆ ನನ್ನ ಕೇಳಿದ್ರೇನು?”

“ಅವರಿಗೆ ಗಡಿಬಿಡಿ ಇತ್ತು ನೋಡು” ಎಂದೆ. “ಇಲ್ಲವಾ, ಕೇಳಲಿಲ್ಲ.”

ಮುಖದ ಮೇಲೆ ಬಟ್ಟೆ ಇಳಿದಿತ್ತು. ನಿನ್ನ ಮುಖ ಹೇಗಾಯಿತೆಂದು ನಾನು ನೋಡಲಿಲ್ಲ. ನೋಡದೆ ಉಳಿದದ್ದು ನನ್ನ ಪುಣ್ಯ ಎಂದು ಆಗ ಅನಿಸಿತ್ತು.

ಆಮೇಲಿನದು ನಿನ್ನ ಬದುಕು, ಅದನ್ನು ನಾನು ಬರೆಯಬಾರದು. ಕೌದಿ ಹೊಲಿದೆ, ಮಕ್ಕಳನ್ನು ದಡ ಸೇರಿಸಿದೆ. ನಿನ್ನ ದೊಡ್ಡ ಮಗಳು ತನ್ನ ಹೆಸರು ಬರೆಯಲು ಕಲಿತದ್ದು ತನ್ನ ಮಗನಿಂದ — ಅದನ್ನು ನೀನೇ ನನಗೆ ಹೆಮ್ಮೆಯಿಂದ ಹೇಳಿದೆ. ನಾನು ಹೌದೇ ಎಂದೆ. ಹೋದ ವರ್ಷ ನಿನ್ನನ್ನು ನೋಡಲು ನಾನು ಹುಡಗಿಗೆ ಬಂದಾಗಲೂ, ನೀನು ಕಣ್ಣು ಮಂಜಾಗಿ, ನನ್ನ ಕೈ ಸವರಿ ಸವರಿ ಗುರುತು ಹಿಡಿದು, ಅದೇ ಹಳೆಯ ಮಾತು ಅಂದೆ: “ಎಲ್ಲಾ ಮರ್ತೀನಿ, ಶಾಂತಾ. ಆ ಗೋದಾ ಸಿಸ್ಟರ್ ಒಂದ ಸಲ ಸುದ್ಧಾ ನನ್ನ ಕೇಳಲಿಲ್ಲಲ್ಲ, ಅದೊಂದ ಮರೀವಲ್ದು.”

ಮನೆಗೆ ಬಂದು ದಿಂಬನ್ನು ತೆಗೆದೆ. ಲೇಸನ್ನು ನೇಯ್ದ ಹಾಗೆಯೇ ಹಿಂದಕ್ಕೆ ಬಿಚ್ಚಲೂ ಬರುತ್ತದೆ. ಸೂಜಿ ಕಿತ್ತು, ಕಡ್ಡಿಯನ್ನು ಹಿಂದಕ್ಕೆ ತಿರುವಿ, ಹಿಂದಕ್ಕೆ ದಾಟಿಸಿ. ನೇಯುವುದಕ್ಕಿಂತ ನಿಧಾನದ ಕೆಲಸ, ನನ್ನ ಕಣ್ಣಿಗೆ ಇನ್ನೂ ನಿಧಾನ. ದಿನಾ ಮಧ್ಯಾಹ್ನ ಬಿಚ್ಚುತ್ತ ಬಂದಿದ್ದೇನೆ. ಸೊಸೆ ಕೇಳುತ್ತಾಳೆ, ಇಷ್ಟು ಛಂದ ಇದ್ದದ್ದನ್ನ ಯಾಕ ಕೆಡಿಸಾಕತ್ತೀರಿ ಎಂದು. ನಿನ್ನೆ ನಿನ್ನ ಕೊನೆಯ ಸೂಜಿ ಸಿಕ್ಕಿತು, ಸಿಸ್ಟರ್ ಬೆರಳು ನಿಂತ ಜಾಗದಲ್ಲಿ. ಅಲ್ಲಿಂದ ಈಚೆ ನನ್ನದೇನೂ ಇಲ್ಲ. ನನ್ನ ಕೈಯಾಡಿ ಕಂದಾದ ನೂಲು ಕಡ್ಡಿಗಳಿಗೆ ಸುತ್ತಿಕೊಂಡಿದೆ, ಅದು ಹಾಗೇ ಇರುತ್ತದೆ.

ಇದು ಅಚ್ಚಾಗುವ ಮೊದಲೇ ಹುಡಗಿಗೆ ಬರುತ್ತೇನೆ. ದಿಂಬನ್ನು ನಿನ್ನ ಮಡಿಲಲ್ಲಿಟ್ಟು ಮಾತು ಮರೆಸುವುದಿಲ್ಲ. ಅದು ಬಾಗಿಲ ಹೊರಗೇ ಇರಲಿ. ಮೊದಲು ನಿನ್ನ ಹತ್ತಿರ ಕೂತು ಹೇಳುತ್ತೇನೆ — ಸಿಸ್ಟರ್ ಕೇಳಿದ್ದರು, ಜುಬೇದಾ. ನಾನಿನ್ನೂ ಕೂತಿರಲಿಲ್ಲ. ಮೊದಲು ಕೇಳಿದ್ದು ನಿನ್ನನ್ನೇ. ಆಮೇಲೆ ನೀನು ಒಳಗೆ ತಾ ಅಂದರೆ ದಿಂಬನ್ನು ತರುತ್ತೇನೆ. ಅನ್ನದಿದ್ದರೆ, ಹೊಸ್ತಿಲಲ್ಲೇ ಬಿಟ್ಟು ಬರುತ್ತೇನೆ.